ಅಕ್ಕ, ಎಷ್ಟಾಯಿತು?

ನಮ್ಮ ಮನೆಯ ಮಕ್ಕಳಿಗೆ ಮಗ್ಗಿ ಬಾರದಿದ್ದರೂ ಹವಾಮಾನ ಇಲಾಖೆಯ ಬಣ್ಣಗಳು ಬಾಯಿಪಾಠ. ಹಳದಿ ಎಂದರೆ ಶಾಲೆ ಇದೆ, ಆರೆಂಜ್ ಎಂದರೆ ಆಸೆ ಇಟ್ಟುಕೊಳ್ಳಬಹುದು, ರೆಡ್ ಎಂದರೆ ಹೋಮ್‌ವರ್ಕ್ ಮುಚ್ಚಿಟ್ಟು ಮಲಗಬಹುದು. 24 ಗಂಟೆಗಳಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಸೂಚನೆ ಇದ್ದರೆ ರೆಡ್ ಎಂದು ಆರನೆಯ ತರಗತಿಯ ಮಗಳು ದಶಮಾಂಶ ಸಮೇತ ಹೇಳುತ್ತಾಳೆ. ಅದೇ ದಶಮಾಂಶ ಪ್ರಶ್ನೆಪತ್ರಿಕೆಯಲ್ಲಿ ಬಂದರೆ ಮಾತ್ರ ಅಳು. ರಾತ್ರಿ ಜಿಲ್ಲಾಧಿಕಾರಿಯವರ ಆದೇಶ ವಾಟ್ಸಾಪಿಗೆ ಬಂದ ಕೂಡಲೇ ದಿನಾಂಕ ನೋಡುತ್ತಾರೆ, ಸಹಿ ನೋಡುತ್ತಾರೆ. ಕಳೆದ ವರ್ಷದ ಆದೇಶಕ್ಕೆ ಹೊಸ ದಿನಾಂಕ ಅಂಟಿಸಿ ಹರಿಬಿಡುವ ಪುಣ್ಯಾತ್ಮರು ನಮ್ಮ ಕರಾವಳಿಯಲ್ಲಿ ಕಡಿಮೆಯೇನಿಲ್ಲ.

ರಜೆ ಕೊಡುವುದರ ಬಗ್ಗೆ ನನ್ನ ತಕರಾರಿಲ್ಲ. 2022ರಲ್ಲಿ ಬೈಂದೂರು ಕಡೆ ಶಾಲೆಯಿಂದ ಮನೆಗೆ ಬರುತ್ತಿದ್ದ ಎರಡನೆಯ ತರಗತಿಯ ಮಗು ಹಳ್ಳದ ಮೇಲಿನ ಕಿರುಸೇತುವೆ ಕಾಲುಸಂಕ ದಾಟುವಾಗ ನೀರುಪಾಲಾದ ಸುದ್ದಿ ಓದಿದವರು ಯಾರೂ ತಕರಾರು ಮಾಡಲಾರರು. ಆದರೆ ಆ ಆದೇಶದಲ್ಲಿ ಅಂಗನವಾಡಿಯಿಂದ ಪದವಿಪೂರ್ವ ಕಾಲೇಜಿನವರೆಗೆ ಎಂದು ಬರೆದಿರುತ್ತದೆಯೇ ಹೊರತು, ಅಂಗನವಾಡಿಯ ಮಗುವಿನ ತಾಯಿ ಅಂದು ಎಲ್ಲಿರಬೇಕು ಎಂದು ಬರೆದಿರುವುದಿಲ್ಲ. ಗೇರುಬೀಜದ ಕಾರ್ಖಾನೆಗೆ ರಜೆ ಇಲ್ಲ, ಮೀನಿನ ಮಾರುಕಟ್ಟೆಗೆ ಇಲ್ಲ, ಆಸ್ಪತ್ರೆಗಂತೂ ಇಲ್ಲವೇ ಇಲ್ಲ.

ನಮ್ಮ ಎರಡು ಮನೆ ಆಚೆಗಿನವಳು ದುಡಿಯುವುದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ. ಗಂಡ ಮಸ್ಕತ್ತಿನಲ್ಲಿ. ಒಬ್ಬನೇ ಮಗ, ಯುಕೆಜಿ. ಒಳ್ಳೆಯವಳೇ, ಆದರೆ ಹೆಲ್ಮೆಟ್ ತೆಗೆಯದೆಯೇ ಮಾತಾಡುವ ಜಾತಿ. ನಿಂತು ಒಂದು ಲೋಟ ಚಹಾ ಕುಡಿದದ್ದನ್ನು ನಾನು ನೋಡಿಲ್ಲ. ಈ ವಾರದ ರೆಡ್ ಅಲರ್ಟಿನ ಬೆಳಿಗ್ಗೆ ಹುಡುಗನನ್ನು ನಮ್ಮ ಜಗಲಿಯಲ್ಲಿ ಬಿಟ್ಟು, "ಅಕ್ಕ, ಇವನಿಗೆ ಮೊಬೈಲ್ ಕೊಟ್ಟರೆ ಸಾಕು, ಸದ್ದಿಲ್ಲದೆ ಕೂರುತ್ತಾನೆ" ಎಂದು ಹೊರಟೇಹೋದಳು.

ಮೊಬೈಲ್ ಕೊಡೋಣವೆಂದರೆ ಹತ್ತು ಗಂಟೆಯ ಗಾಳಿಗೆ ವಿದ್ಯುತ್ ಹೋಯಿತು. ಚಾರ್ಜ್ ಇದ್ದದ್ದು ನನ್ನದರಲ್ಲಿ ಮಾತ್ರ, ಅದನ್ನು ಗಿರಾಕಿಗಳ ಕರೆಗೆ ಉಳಿಸಿಕೊಳ್ಳಲೇಬೇಕು. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಿದೆ, ಮೇಜಿನ ಮೇಲೆ ಬ್ಲೌಸ್ ಬಟ್ಟೆಗಳ ಗುಡ್ಡೆ. ಹೊಲಿಗೆ ಯಂತ್ರದ ಮೋಟಾರು ಸತ್ತು ಕೂತಿತ್ತು. ನನ್ನ ಇಬ್ಬರು ಮತ್ತು ಆ ಪುಟ್ಟ, ಮೂವರೂ ಸೋಫಾದ ಮೇಲಿನಿಂದ ನೆಲಕ್ಕೆ ಹಾರುವ ಸ್ಪರ್ಧೆ ಶುರುಮಾಡಿದರು. ಮಾಲ್‌ಗಳಲ್ಲಿ ಇದೇ ಹಾರಾಟಕ್ಕೆ ಗಂಟೆಯ ಲೆಕ್ಕದಲ್ಲಿ ದುಡ್ಡು ಕೀಳುತ್ತಾರೆ, ಜಾರದ ಕಾಲುಚೀಲಕ್ಕೆ ಪ್ರತ್ಯೇಕ ಬಿಲ್ಲು. ನನ್ನ ಸೋಫಾಕ್ಕೆ ಅಷ್ಟು ತ್ರಾಣವಿಲ್ಲ.

ಆಗ ಅತ್ತೆ ಅಟ್ಟದಿಂದ ಚೆನ್ನೆಮಣೆ, ಅಂದರೆ ಅಳಗುಳಿ ಮಣೆ, ಇಳಿಸಲು ಹೇಳಿದರು. ತುಳುವರ ಆಟಿ ತಿಂಗಳು ನಡೆಯುತ್ತಿದೆಯಲ್ಲ, ಅವರ ಪ್ರಕಾರ ಚೆನ್ನೆ ಆಡಬೇಕಾದದ್ದೇ ಈ ತಿಂಗಳಲ್ಲಿ. ಮುಂದಿನ ತಿಂಗಳು ಸೋಣ ಬಂದ ಮೇಲೆ ಮಣೆಯನ್ನು ಮುಟ್ಟುವಂತಿಲ್ಲ. ಹಲಸಿನ ಮರದ ಮಣೆ, ಎರಡು ಸಾಲಿನಲ್ಲಿ ಏಳೇಳರಂತೆ 14 ಗುಳಿ. ಒಂದು ಗುಳಿಯ ಅಂಚು ಇಲಿ ಕಡಿದು ತಟ್ಟೆಯಾಗಿದೆ. ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ, ಅಂದರೆ ನುಣುಪಾದ ಕೆಂಪು ಬೀಜ, ಬೇಕು. ಡಬ್ಬ ಮಗುಚಿದರೆ ಸಾಲದೆ ಬಂತು, ಉಳಿದವಕ್ಕೆ ನನ್ನ ಗುಂಡಿಯ ಡಬ್ಬದಿಂದ ಕೆಂಪು ಶರಟು ಗುಂಡಿಗಳನ್ನು ಸೇರಿಸಿದೆವು. ಮಂಜೊಟ್ಟಿ ಬೆರಳಿನಲ್ಲಿ ಜಾರುತ್ತದೆ, ಗುಂಡಿ ಜಾರುವುದಿಲ್ಲ. ಹಾಗಾಗಿ ಗುಂಡಿ ಬಂದವರಿಗೆ ಅದೃಷ್ಟ ಎಂದು ಮಗ ತಾನೇ ಒಂದು ಕಾನೂನು ಮಾಡಿದ. ಪುಟ್ಟ ಒಂದೊಂದೇ ಕಾಯಿಯನ್ನು ಗುಳಿಗೆ ಬಿಡುವಾಗ ನಾಲಿಗೆಯನ್ನು ತುಟಿಯ ಮೂಲೆಗೆ ಒತ್ತಿ ಹಿಡಿಯುತ್ತಿದ್ದ. ಖಾಲಿ ಗುಳಿ ಸಿಕ್ಕಿ ಅದರ ಆಚೆಯ ಗುಳಿಯ ಗಂಟು ತನ್ನದೆಂದು ತಿಳಿದ ಮೇಲೆ ಅವನಿಗೆ ಲೋಕದಲ್ಲಿ ಬೇರೇನೂ ಬೇಕಾಗಲಿಲ್ಲ. ಎಣಿಸಲು ಬರುವುದು ಇಪ್ಪತ್ತರವರೆಗೆ ಮಾತ್ರ. ಅದರ ಮೇಲೆ ಗೆದ್ದದ್ದನ್ನು ಚಡ್ಡಿಯ ಕಿಸೆಗೆ ಹಾಕಿಕೊಂಡ.

ಮಧ್ಯಾಹ್ನ ಅತ್ತೆ ಹಲಸಿನ ಹಪ್ಪಳ ಕರಿಯುತ್ತ ಸಿರಿ ಪಾಡ್ದನವೆಂಬ ತುಳು ಜನಪದ ಹಾಡಿನ ಅಬ್ಬಗ ದಾರಗರ ಕತೆ ಹೇಳಿದರು. ಅವಳಿ ಸಹೋದರಿಯರು ಚೆನ್ನೆ ಆಡಲು ಕೂತು, ಜಗಳ ಹತ್ತಿ, ಒಬ್ಬಳು ಇನ್ನೊಬ್ಬಳ ತಲೆಗೆ ಮಣೆಯಿಂದಲೇ ಹೊಡೆದು ಕೊಂದು, ಕೊನೆಗೆ ತಾನೂ ಬಾವಿಗೆ ಹಾರಿದ ಕತೆ. ಇಷ್ಟು ಸಣ್ಣ ಮಕ್ಕಳಿಗೆ ಇದೆಲ್ಲ ಬೇಕೇ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದೆ. ಅತ್ತೆ ಸನ್ನೆಗೆ ಬಗ್ಗುವವರಲ್ಲ. ಪುಟ್ಟ ಹಪ್ಪಳ ಕಡಿಯುವುದನ್ನು ನಿಲ್ಲಿಸಿ, "ಮತ್ತೆ ಗೆದ್ದದ್ದು ಯಾರು?" ಎಂದ. "ಗೆಲ್ಲುವುದೆಲ್ಲಿಂದ, ಆಟ ಮುಗಿಯುವ ಮೊದಲೇ ಹೊಡೆದಾಯಿತಲ್ಲ" ಎಂದರು ಅತ್ತೆ. "ಹಾಗಾದರೆ ಔಟ್" ಎಂದು ಅವನು ತೀರ್ಪು ಕೊಟ್ಟು ಮುಂದಿನ ಹಪ್ಪಳಕ್ಕೆ ಕೈಹಾಕಿದ.

ಸಂಜೆ ಅವನ ತಾಯಿ ಬಂದಳು. ಹೆಲ್ಮೆಟ್ ತಲೆಯ ಮೇಲೆಯೇ ಇತ್ತು, ರೇನ್‌ಕೋಟಿನ ನೀರು ಜಗಲಿಯ ತುಂಬ ಹರಿಯುತ್ತಿತ್ತು.

"ಅಕ್ಕ, ಎಷ್ಟಾಯಿತು?"

ಹೊಲಿಗೆಯ ಲೆಕ್ಕ ಕೇಳುತ್ತಿದ್ದಾಳೆಂದುಕೊಂಡು, "ನಿನ್ನ ಬ್ಲೌಸ್ ಇನ್ನೂ ಕತ್ತರಿಸಿಯೇ ಇಲ್ಲ ಮಾರಾಯ್ತಿ" ಎಂದೆ.

"ಅದಲ್ಲ. ಇವನದ್ದು."

ನೋಡಿದರೆ ಕೈಯಲ್ಲಿ ಐನೂರರ ನೋಟು, ನಾಲ್ಕು ಮಡಿಕೆಯಾಗಿ. ನಾನು "ಛೆ ಛೆ, ಎಂಥ ಮಾತು ಇದು" ಎಂದೆ. ಅವಳು "ಸರಿ ಹಾಗಾದರೆ" ಎಂದು ನೋಟನ್ನು ಒಳಕಿಸೆಗೆ ಸೇರಿಸಿ, ಮಗನ ಕೈ ಹಿಡಿದು ಮಳೆಗೆ ಇಳಿದಳು.

ಅಂದು ರಾತ್ರಿ ನನಗೆ ಸಿಟ್ಟು ಬಂದದ್ದು ನಿಜ. ಎಷ್ಟಾಯಿತು ಎಂದು ಕೇಳಲು ನಾನೇನು ಹೋಟೆಲಿನವಳೇ? ನೆರೆಹೊರೆ ಎಂದರೆ ಇಷ್ಟೇ ಆಯಿತೇ? ದಿನವಿಡೀ ಬಿಲ್ಲು ಹರಿಯುವವಳಿಗೆ ಎಲ್ಲವೂ ಬಿಲ್ಲಾಗಿಯೇ ಕಾಣುತ್ತದೆ ಎಂದು ಗಂಡನ ಬಳಿ ಕಟುವಾಗಿ ಆಡಿದೆ. ಆದರೆ ಮರುದಿನ ಬ್ಲೌಸಿನ ತೋಳು ಜೋಡಿಸುವಾಗ ಆ ನೋಟಿನ ಮಡಿಕೆಯೇ ಮತ್ತೆ ಮತ್ತೆ ಕಣ್ಣಿಗೆ ಬಂತು. ನಮ್ಮ ಜಗಲಿಯಲ್ಲಿ ನಿಂತು ಪರ್ಸು ತಡಕಿ ತೆಗೆದ ನೋಟಲ್ಲ ಅದು. ಬರುವ ದಾರಿಯಲ್ಲಿ, ಬಹುಶಃ ಆಸ್ಪತ್ರೆಯಲ್ಲಿಯೇ ಮಡಚಿ ಇಟ್ಟುಕೊಂಡದ್ದು. ದಿನವಿಡೀ ಇದನ್ನೇ ಯೋಚಿಸಿರಬೇಕು. ಇನ್ನೊಂದು ಸಲ ನೆನಪಿಸಿಕೊಂಡಾಗ ಅವಳ "ಸರಿ ಹಾಗಾದರೆ" ಎಂಬುದರಲ್ಲಿ ದುಡ್ಡು ಉಳಿದ ಸಮಾಧಾನವೇನೂ ಕೇಳಿಸಲಿಲ್ಲ. ಕೌಂಟರಿನಲ್ಲಿ ಯಾರಾದರೂ ನೋಟು ತೆಗೆದುಕೊಳ್ಳದೆ ಹಿಂದಕ್ಕೆ ತಳ್ಳಿದರೆ ನನಗೆ ಆಗುವಂಥ ಮುಜುಗರ ಅದರಲ್ಲಿತ್ತು.

ಅತ್ತೆಗೆ ಇಂಥ ಸೂಕ್ಷ್ಮಗಳಲ್ಲಿ ಆಸಕ್ತಿ ಇಲ್ಲ. "ತೆಗೆದುಕೊಳ್ಳಬೇಕಿತ್ತು" ಎಂದರು, ಒಂದೇ ಮಾತು. ನಾನು ನೆರೆಹೊರೆಯ ಪುರಾಣ ಎತ್ತಿದೆ. ಹಿಂದೆಲ್ಲ ಮಳೆಗಾಲದಲ್ಲಿ ಕೇರಿಯ ಮಕ್ಕಳೆಲ್ಲ ಒಂದೇ ಮನೆಯ ಚಾವಡಿಯಲ್ಲಿ ಆಡುತ್ತಿರಲಿಲ್ಲವೇ, ಯಾರು ಯಾರಿಗೆ ದುಡ್ಡು ಕೊಟ್ಟಿದ್ದರು ಎಂದೆ. ಅತ್ತೆ ನಕ್ಕರು. ಅವರು ನಲವತ್ತು ವರ್ಷ ಬೀಡಿ ಕಟ್ಟಿದವರು. ಈಗಲೂ ಟಿವಿ ನೋಡುವಾಗ ಹೆಬ್ಬೆರಳು ತನ್ನಷ್ಟಕ್ಕೆ ತೋರುಬೆರಳನ್ನು ಉಜ್ಜುತ್ತಿರುತ್ತದೆ. "ಆಡುತ್ತಿದ್ದರು ಎಂದು ಯಾರು ಹೇಳಿದ್ದು? ನಿನ್ನ ಗಂಡನನ್ನು ಕೇಳು" ಎಂದರು.

ಕೇಳಿದೆ. ಜೋರು ಮಳೆಯ ದಿನ ಅಮ್ಮನ ಬೀಡಿ ಕಟ್ಟುವ ಮೊರದ ಸುತ್ತ ಅವರು, ಅವರ ಅಕ್ಕ, ಪಕ್ಕದ ಮನೆಯ ಇಬ್ಬರು ಕೂತು ಬೀಡಿಯ ಬಾಯಿ ಮಡಚುತ್ತಿದ್ದರಂತೆ. ಯಾರು ಬೇಗ ನೂರು ಮುಗಿಸುತ್ತಾರೆ ಎಂಬುದೇ ಪಂದ್ಯ, ಗೆದ್ದವರಿಗೆ ಒಂದು ತುಂಡು ಬೆಲ್ಲ. "ಚೆನ್ನಾಗಿತ್ತು" ಎಂದರು ಗಂಡ, ಸುಳ್ಳು ಹೇಳುವ ಮುಖವೇನೂ ಅಲ್ಲ. ಸಾವಿರ ಬೀಡಿಗೆ ಇಷ್ಟು ಎಂದು ಬೀಡಿ ಬ್ರಾಂಚಿನಲ್ಲಿ ಕೂಲಿ. ಎಲೆ ಹಾಳಾದರೆ, ಕಟ್ಟಿನಲ್ಲಿ ಬೀಡಿ ತಿರಸ್ಕೃತವಾದರೆ ಕಡಿತ. ಅದರಲ್ಲಿ ಮಕ್ಕಳ ಬೆರಳಿನ ಪಾಲು ಎಷ್ಟೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಹಿಂದೆ ಮೊಬೈಲ್ ಇರಲಿಲ್ಲ, ಮಕ್ಕಳು ಎಷ್ಟು ಚೆನ್ನಾಗಿ ಆಡಿಕೊಂಡಿದ್ದವು ಎಂದು ಬರೆಯುವವರನ್ನು ಕಂಡರೆ ಇನ್ನು ಮುಂದೆ ನನಗೆ ಆ ಬೆಲ್ಲದ ತುಂಡು ನೆನಪಾಗುತ್ತದೆ. ಚೆನ್ನೆಮಣೆ ಅಟ್ಟದಲ್ಲಿ ಇಷ್ಟು ಸವೆಯದೆ ಉಳಿದದ್ದು ಯಾಕೆಂದೂ ಈಗ ತಿಳಿಯಿತು. ಅದನ್ನು ಆಡಲು ಆ ಮನೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

ಹಾಗೆಂದು ದುಡ್ಡು ತೆಗೆದುಕೊಳ್ಳುವುದೇ ಸರಿ ಎಂದು ನಾನು ಒಪ್ಪಿಲ್ಲ. ನಾಳೆ ನನಗೆ ಜ್ವರ ಬಂದರೆ ಅದೇ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿಕೊಡುವವಳು ಅವಳು. ಅದಕ್ಕೆ ನಾನು ಐವತ್ತು ಚಾಚಬೇಕೇ? ಕೊಟ್ಟು ತೀರಿಸಿದರೆ ಅಲ್ಲಿಗೆ ಮುಗಿಯಿತು, ತೀರಿಸದೆ ಉಳಿದರೆ ಅವಳು ನಾಲ್ಕು ಸಲ ಬಂದು ಹೋಗುತ್ತಾಳೆ ಎಂಬುದು ನನ್ನ ವಾದ. ಅತ್ತೆಯ ವಾದ ಬೇರೆ: ಸಾಲ ಉಳಿದವಳು ಬಾಗಿಲಿಗೆ ಬರುವುದಿಲ್ಲ, ಅಡ್ಡದಾರಿ ಹಿಡಿಯುತ್ತಾಳೆ.

ನಿನ್ನೆ ಮತ್ತೆ ರಜೆ. ಎಂಟು ಗಂಟೆಯಾದರೂ ಪುಟ್ಟ ಬರಲಿಲ್ಲ. ಮಗ ಮಣೆ ಹಾಸಿ, ಗುಂಡಿಗಳನ್ನೆಲ್ಲ ತನ್ನ ಸಾಲಿಗೆ ಹೊಂದಿಸಿಕೊಂಡು ಕಾಯುತ್ತಿದ್ದ. ಕೊನೆಗೆ ನಾನೇ ಫೋನ್ ಮಾಡಿದೆ. ಹುಡುಗ ಆಸ್ಪತ್ರೆಯಲ್ಲಿದ್ದ, ತಾಯಿಯ ಕೌಂಟರಿನ ಕೆಳಗೆ, ರಟ್ಟಿನ ಹಾಳೆಯ ಮೇಲೆ, ಮೊಬೈಲ್ ಹಿಡಿದು. "ಇಲ್ಲೇ ಆರಾಮವಾಗಿದ್ದಾನೆ ಅಕ್ಕ, ದಿನಾ ನಿಮಗೆ ಯಾಕೆ ತೊಂದರೆ" ಎಂದಳು. ಹಿಂದಿನಿಂದ ಯಾರೋ ಕೆಮ್ಮುತ್ತಿದ್ದ ಸದ್ದು. ಮಳೆಗಾಲದ ಆಸ್ಪತ್ರೆ, ಡೆಂಗ್ಯೂ ಜ್ವರದವರ ಸಾಲು. ಐದು ವರ್ಷದ ಮಗುವನ್ನು ಕೂರಿಸುವ ಜಾಗವೇ ಅದು?

ಅತ್ತೆ ನನ್ನ ಕೈಯಿಂದ ಫೋನ್ ಕಸಿದುಕೊಂಡರು. ಬ್ರಾಂಚಿನವರೊಡನೆ ಚೌಕಾಸಿ ಮಾಡಿದ ಗಂಟಲು, ನನ್ನ ಒಪ್ಪಿಗೆಯ ಗೊಡವೆ ಅದಕ್ಕಿಲ್ಲ. ದಿನಕ್ಕೆ ಇನ್ನೂರು, ಗಂಜಿ ಊಟ ಸೇರಿ. ಶನಿವಾರ ಶಾಲೆ ಇಡೀ ದಿನ ಇಟ್ಟು ರಜೆ ಸರಿದೂಗಿಸುತ್ತಾರಲ್ಲ, ಅವತ್ತು ಸಂಜೆ ಲೆಕ್ಕ ಚುಕ್ತಾ. ಬದಲಿ ಬಟ್ಟೆ ಒಂದು ಜೊತೆ ಕಳಿಸಬೇಕು. ಹುಡುಗನ ಕಿಸೆಯಲ್ಲಿ ಹೋದ ಮಂಜೊಟ್ಟಿ ಕಾಯಿಗಳನ್ನು ಮೊದಲು ವಾಪಸು ಕೊಡಬೇಕು. ಅತ್ತ ಕಡೆಯಿಂದ ಅವಳು ನಗುವುದು ನನಗೂ ಕೇಳಿಸಿತು. ಆಮೇಲೆ ಅವಳು ಏನೋ ಕೇಳಿರಬೇಕು, ಅತ್ತೆ ಸ್ವಲ್ಪ ಯೋಚಿಸಿ, "ಆರೆಂಜಿಗೂ ಅದೇ ದರ" ಎಂದರು.