ಕ್ಲೌಡ್ ಕೆಲಸಕ್ಕೆ ಯಾವ ಸರ್ಟಿಫಿಕೇಟ್ ಮಾಡಬೇಕು?

"ಅಣ್ಣಾ, ಕ್ಲೌಡ್ ಇಂಜಿನಿಯರ್ ಆಗಬೇಕಂದ್ರ ಯಾವ ಸರ್ಟಿಫಿಕೇಟ್ ಮಾಡಬೇಕ್ರಿ?" ಕಲಬುರಗಿಯ ಇಂಜಿನಿಯರಿಂಗ್ ಮಕ್ಕಳು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಸರ್ಟಿಫಿಕೇಟ್ ಆಮೇಲೆ ನೋಡೋಣ, ಮೊದಲು ಲಿನಕ್ಸ್ (ಸರ್ವರ್‌ಗಳಲ್ಲಿ ಹೆಚ್ಚಾಗಿ ಓಡುವ ಆಪರೇಟಿಂಗ್ ಸಿಸ್ಟಂ) ಮತ್ತು ನೆಟ್‌ವರ್ಕಿಂಗ್ ಗಟ್ಟಿ ಮಾಡಿಕೊಳ್ಳಿ ಅಂತಲೇ ನಾನು ಹೇಳುವುದು.

ಕ್ಲೌಡ್ ಅಂದರೆ ದೊಡ್ಡ ಕಂಪನಿಗಳ ಡೇಟಾ ಸೆಂಟರ್‌ನಲ್ಲಿರುವ ಕಂಪ್ಯೂಟರ್‌ಗಳನ್ನು ಬಾಡಿಗೆಗೆ ಪಡೆಯುವುದು. ಅಮೆಜಾನ್ 2016ರಲ್ಲಿ ಮುಂಬೈನಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಈ ಸೇವೆ ಶುರು ಮಾಡಿತು. ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ, ಅಲ್ವಾ? ಆದರೆ ಅಲ್ಲಿಗೂ ಹೋಗಬೇಕಿಲ್ಲ. ಸರ್ವರ್ ಕಟ್ಟುವುದು, ಯಾರಿಗೆ ಎಷ್ಟು ಪರ್ಮಿಷನ್ ಅಂತ ತೀರ್ಮಾನಿಸುವುದು, ಬ್ಯಾಕಪ್, ಬಿಲ್, ಎಲ್ಲವನ್ನೂ ಲ್ಯಾಪ್‌ಟಾಪಿನಿಂದಲೇ ನೋಡಿಕೊಳ್ಳಬಹುದು.

ಲಿನಕ್ಸ್ ಯಾಕೆ ಅಂದರೆ, ಒಂದು ಉದಾಹರಣೆ ಹೇಳ್ತೀನಿ. ರಾತ್ರಿ ಅಲರ್ಟ್ ಬರುತ್ತದೆ. ಡಿಸ್ಕ್ ತುಂಬಿದೆ, ಡೇಟಾಬೇಸ್‌ಗೆ ಬರೆಯಲು ಜಾಗವಿಲ್ಲ, ಆ್ಯಪ್ ನಿಂತಿದೆ. ಹುಡುಕಿದರೆ ಒಂದು ಲಾಗ್ ಫೈಲ್, ಅಂದರೆ ಪ್ರೋಗ್ರಾಂ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಫೈಲ್, ವಿಪರೀತ ಬೆಳೆದಿದೆ. ಹೊಸಬರು ತಕ್ಷಣ ಅದನ್ನು ಡಿಲೀಟ್ ಮಾಡುತ್ತಾರೆ. ಆದರೂ ಜಾಗ ಖಾಲಿ ಆಗುವುದಿಲ್ಲ! ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸುವ ಡಿಎಫ್ (df) ಕಮಾಂಡ್ ಕೊಟ್ಟರೆ ಡಿಸ್ಕ್ ಇನ್ನೂ ಭರ್ತಿ ಅನ್ನುತ್ತದೆ. ಫೈಲುಗಳ ಗಾತ್ರ ಕೂಡಿ ಹೇಳುವ ಡಿಯು (du) ಕೊಟ್ಟು ಲೆಕ್ಕ ಹಾಕಿದರೆ ಅಷ್ಟು ಫೈಲುಗಳೇ ಇಲ್ಲ. ಕಾರಣ ಏನೆಂದರೆ, ಆ ಲಾಗ್ ಬರೆಯುತ್ತಿದ್ದ ಪ್ರೋಗ್ರಾಂ ಫೈಲನ್ನು ಇನ್ನೂ ತೆರೆದೇ ಇಟ್ಟುಕೊಂಡಿದೆ. ಅದು ಬಿಡುವ ತನಕ ಲಿನಕ್ಸ್ ಜಾಗ ವಾಪಸ್ ಕೊಡಲ್ಲ. ಆ ಪ್ರೋಗ್ರಾಂ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಅಲ್ಲಿಗೇ ಕೈ ತೊಳೆದುಕೊಳ್ಳುವ ಹಾಗಿಲ್ಲ. ಹಳೆಯ ಲಾಗ್ ತಾನಾಗಿ ಅಳಿಯುವ ಏರ್ಪಾಡು ಮಾಡಬೇಕು, ಡಿಸ್ಕ್ ತುಂಬುವ ಮುಂಚೆಯೇ ಅಲರ್ಟ್ ಬರುವ ಹಾಗೆ ಇಡಬೇಕು.

ನೆಟ್‌ವರ್ಕಿಂಗ್ ವಿಷಯವೂ ಹೀಗೇ. ಪೋರ್ಟ್ 22 ಸರ್ವರ್‌ಗೆ ಲಾಗಿನ್ ಆಗುವ ದಾರಿ. ಅದನ್ನು ಸುಮ್ನೆ ಇಡೀ ಜಗತ್ತಿಗೆ ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಹಗಲು ರಾತ್ರಿ ಬಡಿಯುತ್ತಲೇ ಇರುತ್ತವೆ. ಬೇಕಾದ ಐಪಿಗಳಿಗೆ (ಕಂಪ್ಯೂಟರ್‌ಗಳ ನೆಟ್‌ವರ್ಕ್ ವಿಳಾಸ) ಮಾತ್ರ ಬಿಡಬೇಕು.

ಬ್ಯಾಕಪ್ ಬಗ್ಗೆ ನಾನು ತುಂಬಾ ಕಟ್ಟುನಿಟ್ಟು. ರೀಸ್ಟೋರ್ ಮಾಡಿ ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ಹಿಡಿಯಲ್ಲ. ಜನರ ಸಂಬಳ, ಮಾರ್ಕ್ಸ್, ಆಸ್ಪತ್ರೆಯ ರಿಪೋರ್ಟ್ ಎಲ್ಲ ಅದರಲ್ಲೇ ಇರುತ್ತವೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಅಮೆಜಾನ್‌ನಂಥ ಕ್ಲೌಡ್ ಕಂಪನಿಯಲ್ಲಿ ಒಂದು ಫ್ರೀ ಅಕೌಂಟ್ ತೆರೆಯಿರಿ. ಸರ್ವರ್ ಮಾಡುವ ಮೊದಲೇ ಬಿಲ್ ಅಲರ್ಟ್ ಹಾಕಿ. ಸರ್ವರ್ ಸ್ಟಾಪ್ ಮಾಡಿದರೂ ಅದರ ಡಿಸ್ಕಿಗೆ ದುಡ್ಡು ಬೀಳುತ್ತಲೇ ಇರುತ್ತದೆ, ಇದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಒಂದು ಚಿಕ್ಕ ವೆಬ್‌ಸೈಟ್ ನಡೆಸಿ. ಆಮೇಲೆ ಎಲ್ಲ ಅಳಿಸಿ, ಅದನ್ನೇ ಟೆರಾಫಾರ್ಮ್ (ಕೋಡ್ ಓದಿ ಸರ್ವರ್ ಕಟ್ಟಿಕೊಡುವ ಟೂಲ್) ಕೋಡ್ ಬರೆದು ಮತ್ತೆ ಕಟ್ಟಿ. ಎಲ್ಲಿ ಸಿಕ್ಕಿಕೊಂಡರೂ ನನ್ನನ್ನು ಕೇಳಿ, ಎರರ್ ಮೆಸೇಜ್ ಪೂರ್ತಿ ಕಳಿಸಿ.