ಸಿವಿಲ್ ಓದುವವರು ಮೊದಲು ನೀರನ್ನು ಓದಬೇಕು

ಸಿವಿಲ್ ಮತ್ತು ಪರಿಸರ ಎಂಜಿನಿಯರಿಂಗ್ ಪದವಿಯ ಪಠ್ಯಕ್ರಮ ನೋಡಿದ ಹೊಸ ವಿದ್ಯಾರ್ಥಿಗೆ ಅದೊಂದು ಕಲಸುಮೇಲೋಗರ ಅನ್ನಿಸುವುದು ಸಹಜ. ಕಾಂಕ್ರೀಟಿಗೆ ಒಂದು ಲ್ಯಾಬ್, ಮಣ್ಣಿಗೆ ಇನ್ನೊಂದು, ಹೈಡ್ರಾಲಿಕ್ಸ್‌ಗೆ ಮತ್ತೊಂದು, ಕೊಳಚೆ ನೀರಿಗೆ ಮಗದೊಂದು. ಪರೀಕ್ಷೆಗಳೂ ಬೇರೆ, ಪಾಠ ಹೇಳುವವರೂ ಬೇರೆ. ಆದರೆ ನಾಲ್ಕೂ ಲ್ಯಾಬುಗಳಲ್ಲಿ ಲೆಕ್ಕ ತಪ್ಪಿಸುವುದು ಹೆಚ್ಚಾಗಿ ಒಂದೇ ವಸ್ತು, ನೀರು. ಅದು ಎಷ್ಟಿದೆ, ಎಲ್ಲಿದೆ, ಯಾವುದನ್ನು ಎಷ್ಟು ಒತ್ತುತ್ತಿದೆ ಎಂಬುದು ಹಿಡಿತಕ್ಕೆ ಬಂದರೆ ಈ ಬಿಡಿ ವಿಷಯಗಳೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಶೇಕಡಾವಾರಿನಿಂದಲೇ ಶುರು ಮಾಡೋಣ, ಏಕೆಂದರೆ ಮೊದಲ ಎಡವಟ್ಟು ಅಲ್ಲೇ. ಮಣ್ಣಿನ ತೇವಾಂಶವನ್ನು ಒಣ ಮಣ್ಣಿನ ತೂಕಕ್ಕೆ ಹೋಲಿಸಿ ಹೇಳುತ್ತಾರೆ. ಹಸಿಯಾಗಿ 60 ಗ್ರಾಂ ತೂಗಿದ್ದು ಒಣಗಿದ ಮೇಲೆ 50 ಗ್ರಾಂ ಆದರೆ ತೇವಾಂಶ ಶೇ 20, ಶೇ 16.7 ಅಲ್ಲ. ಹಾಗಾಗಿಯೇ ಸಾವಯವ ಅಂಶ ಹೆಚ್ಚಿರುವ ಮೆತ್ತನೆಯ ಜೇಡಿಯಲ್ಲಿ ತೇವಾಂಶ ಶೇ 100 ದಾಟಬಲ್ಲದು. ಅದೇ ಕೊಳಚೆ ಶುದ್ಧೀಕರಣದಲ್ಲಿ ಉಳಿಯುವ ಕೆಸರು, ಅಂದರೆ ಸ್ಲಡ್ಜ್ ವಿಷಯಕ್ಕೆ ಬಂದರೆ ಲೆಕ್ಕ ಒಟ್ಟು ಹಸಿ ತೂಕದ ಮೇಲೆ. ಶೇ 2 ಘನಾಂಶವಿರುವ ಸ್ಲಡ್ಜ್ ಎಂದರೆ ಶೇ 98 ನೀರು. ಅದನ್ನು ಶೇ 96ಕ್ಕೆ ಇಳಿಸುವುದು ಕಾಗದದ ಮೇಲೆ ಚಿಲ್ಲರೆ ಬದಲಾವಣೆ. ಆದರೆ ಘನಾಂಶ ಶೇ 2ರಿಂದ 4ಕ್ಕೆ ಏರಿದ್ದರಿಂದ 100 ಘನ ಮೀಟರ್ ಸ್ಲಡ್ಜ್ 50 ಘನ ಮೀಟರಿಗೆ ಇಳಿದಿರುತ್ತದೆ. ಸ್ಲಡ್ಜನ್ನು ಗಟ್ಟಿಯಾಗಿಸುವ ತೊಟ್ಟಿಯನ್ನು, ಅಂದರೆ ಥಿಕನರ್ ಅನ್ನು, ಕಟ್ಟುವುದೇ ಇದಕ್ಕಾಗಿ.

ಮಣ್ಣಿನ ಮಾದರಿಯನ್ನು 105ರಿಂದ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಾಮಾನ್ಯವಾಗಿ ಒಂದು ಇಡೀ ದಿನ ಒಣಗಿಸುತ್ತಾರೆ. ಓವನ್‌ನಿಂದ ತೆಗೆದದ್ದನ್ನು ಬಿಸಿಯಾಗಿಯೇ ತಕ್ಕಡಿಗೆ ಇಟ್ಟರೆ ಮೇಲೇಳುವ ಬಿಸಿಗಾಳಿಯಿಂದ ತೂಕ ಕಡಿಮೆ ತೋರುತ್ತದೆ. ತೆರೆದಿಟ್ಟು ಆರಿಸಿದರೆ ಗಾಳಿಯ ತೇವ ಹೀರಿಕೊಂಡು ಹೆಚ್ಚು ತೋರುತ್ತದೆ. ತೇವ ತಾಗದಂತೆ ಆರಿಸುವ ಮುಚ್ಚಿದ ಪಾತ್ರೆ, ಡೆಸಿಕೇಟರ್, ಇರುವುದು ಅದಕ್ಕೇ. ಜಿಪ್ಸಂ ಅಥವಾ ಸಾವಯವ ಅಂಶವಿರುವ ಮಣ್ಣಿಗೆ 110 ಡಿಗ್ರಿಯೇ ಜಾಸ್ತಿ, 60ರ ಆಸುಪಾಸಿನಲ್ಲಿ ಒಣಗಿಸಬೇಕು.

ಇನ್ನು ಕಾಂಕ್ರೀಟ್. ಡಫ್ ಏಬ್ರಾಮ್ಸ್ 1918ರಲ್ಲಿ ತೋರಿಸಿದ ನಿಯಮ ಎಲ್ಲರಿಗೂ ಬಾಯಿಪಾಠ: ನೀರು–ಸಿಮೆಂಟ್ ಅನುಪಾತ ಹೆಚ್ಚಿದಷ್ಟೂ ಬಲ ಕಡಿಮೆ. ಕಾರಣವನ್ನೂ ತಿಳಿದಿರಬೇಕು. ಸಿಮೆಂಟ್ ತನ್ನ ತೂಕದ ಸುಮಾರು 0.23 ಪಾಲು ನೀರನ್ನು ರಾಸಾಯನಿಕವಾಗಿ ಕಟ್ಟಿಕೊಳ್ಳುತ್ತದೆ. ಸಿಮೆಂಟ್ ಮತ್ತು ನೀರು ಕೂಡಿ ಆಗುವ ಜೆಲ್‌ನ ಸೂಕ್ಷ್ಮ ರಂಧ್ರಗಳು ಹಿಡಿದಿಟ್ಟುಕೊಳ್ಳುವುದನ್ನೂ ಸೇರಿಸಿದರೆ ಹತ್ತಿರ ಹತ್ತಿರ 0.4. ಅದಕ್ಕಿಂತ ಹೆಚ್ಚಿಗೆ ಹಾಕಿದ ನೀರು ಆರಿಹೋಗಿ ತನ್ನ ಜಾಗವನ್ನು ಟೊಳ್ಳು ಬಿಡುತ್ತದೆ.

ಲ್ಯಾಬಿನಲ್ಲಿ ಈ ಅನುಪಾತ ಕೆಡುವುದು ಬಹುಪಾಲು ಮರಳಿನಿಂದ. ಒಂದು ಘನ ಮೀಟರಿಗೆ 350 ಕೆಜಿ ಸಿಮೆಂಟ್, 175 ಕೆಜಿ ನೀರು ಎಂದು ಮಿಕ್ಸ್ ಡಿಸೈನ್ ಹೇಳಿದರೆ ಅನುಪಾತ 0.50. ಮರಳು 700 ಕೆಜಿ, ಅದರ ಮೇಲ್ಮೈ ತೇವ ಶೇ 4 ಇದ್ದರೆ ಅದೇ 28 ಕೆಜಿ ನೀರು ಹೊತ್ತು ತರುತ್ತದೆ. ಇದನ್ನು ಕಳೆಯದೆ 175 ಕೆಜಿಯನ್ನೂ ಸುರಿದರೆ ಒಟ್ಟು 203 ಕೆಜಿ, ಅನುಪಾತ 0.58. ಸರಿಯಾದ ಕ್ರಮವೆಂದರೆ 147 ಕೆಜಿ ನೀರು ಹಾಕಿ, ಮರಳನ್ನು 728 ಕೆಜಿ ತೂಗುವುದು. ನೀರನ್ನು ತಿದ್ದಿ ಮರಳನ್ನು ತಿದ್ದುವುದು ಮರೆಯುವವರೇ ಹೆಚ್ಚು. ಜಲ್ಲಿ ಒಣಗಿದ್ದರೆ ಅದು ನೀರು ಹೀರಿಕೊಳ್ಳುವುದರಿಂದ ತಿದ್ದುಪಡಿ ಉಲ್ಟಾ.

ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಎಂದು ಅಳೆಯುವ ಸ್ಲಂಪ್ ಕೋನ್‌ನ ಎತ್ತರ 300 ಮಿಮೀ. ಮೂರು ಪದರ, ಪದರಕ್ಕೆ 25 ತಿವಿತ, 16 ಮಿಮೀ ಸರಳಿನಿಂದ. ಕೆಳಗಿನ ತಟ್ಟೆ ಒಣಗಿದ್ದರೆ ಕಾಂಕ್ರೀಟಿನ ನೀರು ಕುಡಿಯುತ್ತದೆ, ಮೊದಲು ಒದ್ದೆ ಮಾಡಿ ಒರೆಸಿಕೊಳ್ಳಿ. ಕೋನನ್ನು ಓರೆಯಾಗಿ ಎತ್ತಿದರೆ ರಾಶಿ ಒಂದು ಕಡೆ ಜಾರುತ್ತದೆ. ಆ ಓದನ್ನು ಬರೆದುಕೊಳ್ಳದೆ ಮತ್ತೆ ಮಾಡಬೇಕು. ಬಲ ಅಳೆಯಲು ಅಚ್ಚು ಹೊಯ್ದ ಕಾಂಕ್ರೀಟ್ ಕ್ಯೂಬನ್ನು ಒಡೆಯುವಾಗ ಅಚ್ಚಿಗೆ ತಾಗಿದ್ದ ಪಕ್ಕದ ಮುಖಗಳ ಮೇಲೆ ಭಾರ ಬರಲಿ, ಕರಣೆ ಆಡಿಸಿದ ಮೇಲ್ಮುಖದ ಮೇಲಲ್ಲ. ಕ್ಯೂರಿಂಗ್ ತೊಟ್ಟಿಯಿಂದ ತೆಗೆದ ಹಸಿ ಕ್ಯೂಬಿಗಿಂತ ಒಣಗಿಸಿದ ಕ್ಯೂಬ್ ಹೆಚ್ಚು ಬಲ ತೋರುತ್ತದೆ, ಹಾಗಾಗಿ ಒದ್ದೆಯಾಗಿರುವಾಗಲೇ ಪರೀಕ್ಷಿಸಿ.

ಮಣ್ಣಿನ ವಿಷಯದಲ್ಲಿ ಕಾರ್ಲ್ ಟೆರ್ಜಾಗಿ ಕೊಟ್ಟ ಎಫೆಕ್ಟಿವ್ ಸ್ಟ್ರೆಸ್ (ಒಟ್ಟು ಒತ್ತಡದಲ್ಲಿ ನೀರಿನ ಒತ್ತಡ ಕಳೆದು ಉಳಿಯುವುದು) ಒಂದನ್ನು ಮನಸ್ಸಿಗೆ ಇಳಿಸಿಕೊಂಡರೆ ಅರ್ಧ ವಿಷಯ ಬಂದಂತೆ. ನೆಲದಿಂದ 5 ಮೀಟರ್ ಆಳ, ಅಂತರ್ಜಲ ನೆಲಮಟ್ಟದವರೆಗೆ ಬಂದಿದೆ, ನೀರು ತುಂಬಿದ ಮಣ್ಣಿನ ಭಾರ ಘನ ಮೀಟರಿಗೆ 20 ಕಿಲೋನ್ಯೂಟನ್ ಎಂದುಕೊಳ್ಳಿ. ಒಟ್ಟು ಒತ್ತಡ 100 ಕಿಲೋಪಾಸ್ಕಲ್, ನೀರಿನ ಒತ್ತಡ 49, ಕಣಗಳು ಪರಸ್ಪರ ಒತ್ತಿಕೊಳ್ಳುವುದಕ್ಕೆ ಉಳಿಯುವುದು 51. ನೀರು 5 ಮೀಟರಿಗಿಂತ ಕೆಳಗಿದ್ದು ಮಣ್ಣು 18 ಕಿಲೋನ್ಯೂಟನ್ ತೂಗುತ್ತಿದ್ದರೆ ಅದೇ ಜಾಗದಲ್ಲಿ ಸುಮಾರು 90. ಮರಳು ಮಣ್ಣಿನ ಬಲವೆಲ್ಲ ಈ ಉಳಿಕೆಯ ಮೇಲಿನ ಘರ್ಷಣೆ. ನೀರು ಏರಿದಾಗ ಇಳಿಜಾರು ಕುಸಿಯುವುದೂ, ನೀರನ್ನು ಪಂಪ್ ಮಾಡಿ ಇಳಿಸಿದಾಗ ಪಕ್ಕದ ಕಟ್ಟಡ ಕುಗ್ಗುವುದೂ ಒಂದೇ ಸಮೀಕರಣದ ಎರಡು ಮುಖ.

ಪೈಪುಗಳ ಬಗ್ಗೆ ಹೇಳಬೇಕಾದದ್ದು ವ್ಯಾಸದ ಐದನೇ ಘಾತ: ಘರ್ಷಣೆಯಿಂದ ನೀರು ಕಳೆದುಕೊಳ್ಳುವ ಒತ್ತಡ, ಅಂದರೆ ಹೆಡ್ ನಷ್ಟ, ಅದಕ್ಕೆ ವಿಲೋಮ. ಅಷ್ಟೇ ನೀರು ಹರಿಯಬೇಕು, ಘರ್ಷಣಾಂಕವೂ ಅಷ್ಟೇ ಎಂದುಕೊಂಡರೆ 200 ಮಿಮೀ ಪೈಪನ್ನು 150ಕ್ಕೆ ಇಳಿಸಿದಾಗ ಹೆಡ್ ನಷ್ಟ ನಾಲ್ಕು ಪಟ್ಟಿಗಿಂತ ಹೆಚ್ಚು, 100ಕ್ಕೆ ಇಳಿಸಿದರೆ 32 ಪಟ್ಟು. ಲ್ಯಾಬಿನಲ್ಲೂ ಇದೇ ಕಾಡುತ್ತದೆ: ವ್ಯಾಸದ ಅಳತೆಯಲ್ಲಿ ಶೇ 2 ತಪ್ಪಾದರೆ ಘರ್ಷಣಾಂಕದಲ್ಲಿ ಶೇ 10 ತಪ್ಪು. ಸಮೀಕರಣ ಹೊಂದಲಿಲ್ಲ ಎಂದು ಬರೆಯುವ ಮೊದಲು ವರ್ನಿಯರ್ ಹಿಡಿದು ಅಳೆಯಿರಿ, ಮ್ಯಾನೋಮೀಟರ್ ಕೊಳವೆಯಲ್ಲಿ ಗಾಳಿಗುಳ್ಳೆ ನಿಂತಿದೆಯೇ ನೋಡಿ.

ಬಿಒಡಿ, ಅಂದರೆ ನೀರಿನ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ, ಅದರ ಪರೀಕ್ಷೆಗೆ ಹೆಚ್ಚು ಹೊತ್ತು ಕೊಡಬೇಕು. ಅಲ್ಲಿ ಅಳೆಯುತ್ತಿರುವುದು ಬ್ಯಾಕ್ಟೀರಿಯಾಗಳ ಉಸಿರಾಟ; ಅವುಗಳಿಗೆ ಬೇಕಾದದ್ದೆಲ್ಲ ಇದ್ದರೆ ಮಾತ್ರ ಉತ್ತರ ನಿಜ. 300 ಮಿಲೀ ಬಾಟಲಿ, 20 ಡಿಗ್ರಿ, ಐದು ದಿನ, ಕತ್ತಲೆ. ಕತ್ತಲೆ ಏಕೆಂದರೆ ಬೆಳಕಿದ್ದರೆ ಪಾಚಿ ಆಮ್ಲಜನಕ ತಯಾರಿಸಿ ಲೆಕ್ಕ ಕೆಡಿಸುತ್ತದೆ. 20 ಡಿಗ್ರಿಯಲ್ಲಿ ಶುದ್ಧ ನೀರು ಹಿಡಿದಿಡಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 9 ಮಿಲಿಗ್ರಾಂ ಮಾತ್ರ. ಕೊಳಚೆಯ ಬಿಒಡಿ 200 ಇದ್ದರೆ ತೆಳುಗೊಳಿಸದೆ ಅಳೆಯುವಂತೆಯೇ ಇಲ್ಲ. ಬಾಟಲಿಗೆ 6 ಮಿಲೀ ಹಾಕಿದರೆ 50 ಪಟ್ಟು ತೆಳು. ಐದು ದಿನದಲ್ಲಿ 4 ಮಿಲಿಗ್ರಾಂ ಖರ್ಚಾಗಿ 5 ಉಳಿಯುತ್ತದೆ. ಉತ್ತರ 4 × 50 = 200. ಅದೇ 30 ಮಿಲೀ ಹಾಕಿದರೆ 20 ಮಿಲಿಗ್ರಾಂ ಬೇಕು, ಇರುವುದು 9. ಆಮ್ಲಜನಕ ಸೊನ್ನೆಗೆ ಇಳಿದು, ಉತ್ತರ ಬರೀ 90. ಕೊಳೆ ಹೆಚ್ಚಿದ್ದಷ್ಟೂ ನೀರು ಶುದ್ಧವಾಗಿ ಕಾಣುವ ಈ ತಪ್ಪು ಅಪಾಯಕಾರಿ. ಆದ್ದರಿಂದ ಮೂರು ನಾಲ್ಕು ಪ್ರಮಾಣಗಳಲ್ಲಿ ಬಾಟಲಿ ಹೂಡಿ, ಕನಿಷ್ಠ 2 ಮಿಲಿಗ್ರಾಂ ಖರ್ಚಾಗಿ ಕನಿಷ್ಠ 1 ಉಳಿದ ಬಾಟಲಿಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ತೆಳುಗೊಳಿಸುವ ನೀರನ್ನಷ್ಟೇ ತುಂಬಿದ ಬ್ಲಾಂಕ್ ಬಾಟಲಿ 0.2ಕ್ಕಿಂತ ಹೆಚ್ಚು ಆಮ್ಲಜನಕ ತಿಂದಿದ್ದರೆ ಆ ನೀರೇ ಕೊಳಕು ಎಂದರ್ಥ. ಕ್ಲೋರಿನ್ ಬೆರೆಸಿದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಸತ್ತಿರುತ್ತವೆ. ಉಳಿದ ಕ್ಲೋರಿನ್ನನ್ನು ಸೋಡಿಯಂ ಸಲ್ಫೈಟ್‌ನಿಂದ ತೆಗೆದು, ಹೊಸದಾಗಿ ಸೀಡ್ (ಜೀವಂತ ಬ್ಯಾಕ್ಟೀರಿಯಾ) ಸೇರಿಸದಿದ್ದರೆ ಬಿಒಡಿ ಸೊನ್ನೆಯ ಹತ್ತಿರ ಬರುತ್ತದೆ.

ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನದಲ್ಲಿ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ಹಾಕಿದಾಗ ಕಂದು ಗಸಿ ಬಂದರೆ ಆಮ್ಲಜನಕ ಇದೆ, ಬಿಳಿ ಬಂದರೆ ಇಲ್ಲ. ಟೈಟ್ರೇಷನ್‌ಗೆ ಮೊದಲೇ ಕಣ್ಣಿಗೆ ಉತ್ತರ ಸಿಕ್ಕಿರುತ್ತದೆ. ಸ್ಟಾರ್ಚನ್ನು ದ್ರಾವಣ ತಿಳಿ ಹಳದಿಗೆ ತಿರುಗಿದ ಮೇಲೆ ಹಾಕಿ. ವಾರಾಂತ್ಯ ಲ್ಯಾಬ್ ಮುಚ್ಚುವುದಾದರೆ ಸೋಮವಾರ, ಮಂಗಳವಾರ ಬಾಟಲಿ ಹೂಡಬೇಡಿ, ಐದನೇ ದಿನ ಬಾಗಿಲು ಹಾಕಿರುತ್ತದೆ.

ಸಾಂದ್ರತೆಗಳ ಸರಾಸರಿ ತೆಗೆಯುವುದು ಇನ್ನೊಂದು ಹಳೆಯ ತಪ್ಪು. ದಿನಕ್ಕೆ 900 ಘನ ಮೀಟರ್ ಹರಿಯುವ ತೊರೆಯ ಬಿಒಡಿ 2, ಅದಕ್ಕೆ ಸೇರುವ 100 ಘನ ಮೀಟರಿನದು 30. ಮಿಶ್ರಣದ್ದು 16 ಅಲ್ಲ. 1800 ಮತ್ತು 3000 ಕೂಡಿಸಿ 1000ದಿಂದ ಭಾಗಿಸಿದರೆ 4.8. ಪಿಎಚ್ ಲಾಗರಿದಂ ಆದ್ದರಿಂದ ಅದಕ್ಕೆ ಈ ಸೂತ್ರವೂ ನಡೆಯದು.

ಸಾಫ್ಟ್‌ವೇರ್ ಬಳಸಿ, ಆದರೆ ಪೈಪ್ ಜಾಲದ ಲೆಕ್ಕ ಹಾಕುವ ಎಪಾನೆಟ್ ತೆರೆಯುವ ಮೊದಲು ಎರಡು ಲೂಪಿನ ಒಂದು ಜಾಲವನ್ನು ಹಾರ್ಡಿ ಕ್ರಾಸ್ ವಿಧಾನದಲ್ಲಿ ಕೈಯಲ್ಲೇ ಬಿಡಿಸಿ. 1930ರಲ್ಲಿ ಕಟ್ಟಡದ ಚೌಕಟ್ಟುಗಳ ಲೆಕ್ಕಕ್ಕೆ ಮೊಮೆಂಟ್ ಡಿಸ್ಟ್ರಿಬ್ಯೂಷನ್ ವಿಧಾನ ಕೊಟ್ಟ ಎಂಜಿನಿಯರ್ ಹಾರ್ಡಿ ಕ್ರಾಸ್ ಅವರೇ 1936ರಲ್ಲಿ ಪೈಪ್ ಜಾಲದ ಈ ಲೆಕ್ಕವನ್ನೂ ಕೊಟ್ಟರು. ಎರಡರಲ್ಲೂ ಉಪಾಯ ಒಂದೇ: ಊಹಿಸು, ಉಳಿದ ತಪ್ಪನ್ನು ಅಳೆ, ಹಂಚಿ ತಿದ್ದು.

ಕೊನೆಯ ವರ್ಷದ ಡಿಸೈನ್ ಪ್ರಾಜೆಕ್ಟಿನಲ್ಲಿ ನೆಲದೊಳಗಿನ ಟ್ಯಾಂಕ್ ಬಂದೇ ಬರುತ್ತದೆ. ಎಲ್ಲರೂ ತುಂಬಿದ ಟ್ಯಾಂಕಿಗೆ ಗೋಡೆ ಲೆಕ್ಕ ಹಾಕುತ್ತಾರೆ. ಖಾಲಿ ಟ್ಯಾಂಕನ್ನು ಪರೀಕ್ಷಿಸುವವರು ಕಡಿಮೆ. ಹೊರ ಅಳತೆ 10 ಮೀಟರ್ ಚೌಕ, ಅಂತರ್ಜಲ ತಳದಿಂದ 3 ಮೀಟರ್ ಮೇಲೆ ಎಂದರೆ ಮೇಲೊತ್ತುವ ಬಲ 300 × 9.81, ಸುಮಾರು 2940 ಕಿಲೋನ್ಯೂಟನ್. ತಳ 0.4 ಮೀಟರ್ ದಪ್ಪ, ಗೋಡೆ 0.3 ಮೀಟರ್ ದಪ್ಪ ಮತ್ತು 3.5 ಮೀಟರ್ ಎತ್ತರ ಇದ್ದರೆ ಕಾಂಕ್ರೀಟ್ ಸುಮಾರು 81 ಘನ ಮೀಟರ್, ಭಾರ 1940ರಷ್ಟು. ಸಾವಿರ ಕಿಲೋನ್ಯೂಟನ್ ಕೊರತೆ. ಸ್ವಚ್ಛಗೊಳಿಸಲು ಖಾಲಿ ಮಾಡಿದ ದಿನ ಟ್ಯಾಂಕ್ ಪೈಪುಗಳನ್ನು ಕಿತ್ತುಕೊಂಡು ಮೇಲೇಳಬಹುದು. ತಳವನ್ನು ಕೆಳಮುಖವಾಗಿ ದಪ್ಪ ಮಾಡಿದರೆ ಘನ ಮೀಟರಿಗೆ 24 ತೂಗುವ ಕಾಂಕ್ರೀಟಿನಲ್ಲಿ 9.81ನ್ನು ನೀರೇ ಎತ್ತಿಕೊಳ್ಳುತ್ತದೆ, ದಕ್ಕುವುದು 14 ಮಾತ್ರ, ಇನ್ನೂ 0.7 ಮೀಟರ್ ಕಾಂಕ್ರೀಟ್ ಬೇಕಾಗುತ್ತದೆ. ಅದಕ್ಕಿಂತ ತಳವನ್ನು ಗೋಡೆಯಿಂದ ಆಚೆಗೆ ಚಾಚಿ ಅದರ ಮೇಲೆ ಮಣ್ಣಿನ ಭಾರ ಕೂರಿಸುವುದು ಅಗ್ಗ. ಆ ಮಣ್ಣಿನ ಭಾರವನ್ನು ಲೆಕ್ಕ ಹಾಕುವಾಗಲೂ ಅಂತರ್ಜಲದ ಕೆಳಗಿನ ಭಾಗಕ್ಕೆ 20 ಹಿಡಿಯಬೇಡಿ, ನೀರು ಎತ್ತಿಕೊಂಡ ಮೇಲೆ ಉಳಿಯುವ 10ನ್ನೇ ಹಿಡಿಯಿರಿ.