ಮೀಸೆ ಮಣ್ಣಾದ ಕಥೆ

ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾಲೇಜಿನಿಂದ ಫೋನ್ ಬಂದಾಗ ನಾನು ಬಾಲ್ಕನಿಯಲ್ಲಿ ಗೀ ಒಣಹಾಕುತ್ತಿದ್ದೆ. ಗೀ ಅಂದರೆ ಜಿಯು-ಜಿತ್ಸು ಎಂಬ, ನೆಲದ ಮೇಲೆ ಹಿಡಿದು ಸೆಣಸುವ ಆಟದ ದಪ್ಪ ಅಂಗಿ, ಪ್ಯಾಂಟು. ಆಷಾಢದ ಮಳೆ ಹಿಡಿದರೆ ಎರಡು ದಿನಕ್ಕೂ ಒಣಗುವುದಿಲ್ಲ. ಎದುರು ಮನೆಯವರು ಇಷ್ಟು ವರ್ಷದಿಂದ ನನ್ನನ್ನು ಯಾವುದೋ ಲ್ಯಾಬ್‌ನವಳು ಅಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ನಾನು ಇಲ್ಲಿ ಬಿ.ಕಾಂ. ಓದಿದ್ದು 2006ರಿಂದ 2009ರವರೆಗೆ. ಪಾಠದ ನೆನಪು ಕಡಿಮೆ, ಸುಳ್ಳು ಯಾಕೆ ಹೇಳಲಿ. ಚೆನ್ನಾಗಿ ನೆನಪಿರುವುದು ವೇದಿಕೆ ಹಿಂದಿನ ಸ್ಟೋರ್ ರೂಮು. ಮುರಿದ ಬೆಂಚು, ಗಣೇಶನ ಹಬ್ಬದ ಸೀರಿಯಲ್ ಸೆಟ್ಟು, ಅದರ ನಡುವೆ ಸುರುಳಿ ಸುತ್ತಿಟ್ಟ ಕುಸ್ತಿ ಮ್ಯಾಟು.

ನಮ್ಮ ತಾತ ಮೈಸೂರಿನ ಗರಡಿಯಲ್ಲಿ ಸಾಮು ಮಾಡಿದವರು. ದಸರಾ ಬಂದರೆ ದೊಡ್ಡಕೆರೆ ಮೈದಾನದ ಕುಸ್ತಿಗೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಆದರೆ ಗರಡಿ ಮನೆಯ ಹೊಸಿಲು ಮಾತ್ರ ದಾಟಲು ಬಿಡಲಿಲ್ಲ. ಹೆಣ್ಣುಮಕ್ಕಳು ಮಟ್ಟಿ ತುಳಿಯಬಾರದಂತೆ. ಕೆಮ್ಮಣ್ಣಿನ ವಾಸನೆಯಷ್ಟೇ ನನ್ನ ಪಾಲಿಗೆ. ಕಾಲೇಜಿನಲ್ಲಿ ಪಿ.ಟಿ. ಮೇಷ್ಟ್ರನ್ನು ಹೆದರುತ್ತಲೇ ಕೇಳಿದೆ. ಅವರೂ ಗರಡಿಯವರೇ. ಒಂದು ನಿಮಿಷ ಸುಮ್ಮನಿದ್ದು, "ಇದು ಮಟ್ಟಿ ಅಲ್ವಲ್ಲ, ರೆಕ್ಸಿನ್ನು. ಬಾ" ಅಂದರು.

ಮೊದಲ ಹದಿನೈದು ದಿನ ಬರೀ ಬೀಳುವುದು. ಗಲ್ಲ ಎದೆಗೆ ಒತ್ತು, ಉಸಿರು ಬಿಡು, ಕೈ ಊರಬೇಡ. ಕೈ ಊರಿದರೆ ಮಣಿಕಟ್ಟು ಹೋಗುತ್ತೆ. ಆಮೇಲೆ ಒಂದೆರಡು ಪಟ್ಟು ಕಲಿಸಿದರು, ಅವು ಮರೆತೇಹೋದವು. ಬೀಳುವುದು ಮರೆಯಲಿಲ್ಲ. ಬೆಂಗಳೂರಿಗೆ ಬಂದ ಹೊಸದರಲ್ಲಿ ಮಳೆಯಲ್ಲಿ ಬಿಎಂಟಿಸಿ ಬಸ್ಸಿನ ಮೆಟ್ಟಿಲಿಂದ ಜಾರಿದೆ. ಗಲ್ಲ ತಾನಾಗಿ ಎದೆಗೆ ಹೋಯಿತು. ನನಗೇನೂ ಆಗಲಿಲ್ಲ, ಚಿತ್ರಾನ್ನ ಮಾತ್ರ ಫುಟ್‌ಪಾತಿನ ಪಾಲಾಯಿತು.

2014ರಲ್ಲಿ ಜಿಯು-ಜಿತ್ಸು ಕ್ಲಾಸಿಗೆ ಸೇರಿದೆ. ಮೊದಲ ದಿನವೇ ತಲೆ ಕೆಟ್ಟಿತು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಮುಗೀತು. ಇಲ್ಲಿ ಬೆನ್ನ ಮೇಲೆ ಮಲಗಿಸಿ, ಈಗ ಶುರು ಮಾಡಿ ಅಂತಾರೆ! ಮೇಲಿರುವವನ ಸೊಂಟಕ್ಕೆ ಎರಡೂ ಕಾಲು ಸುತ್ತಿದರೆ ಅದು ಗಾರ್ಡ್. ಅವನು ಗೆದ್ದೆ ಅಂದುಕೊಂಡಿರುತ್ತಾನೆ, ಕೆಳಗಿದ್ದವಳು ಆಗಲೇ ಅವನ ಕೊರಳಪಟ್ಟಿಗೆ ಕೈ ಹಾಕಿರುತ್ತಾಳೆ.

ಈ ಜಿಯು-ಜಿತ್ಸುವಿನ ಬೇರು ಜೂಡೋದಲ್ಲಿದೆ. ಜಪಾನಿನ ಕಾನೋ ಜಿಗೊರೊ 1882ರಲ್ಲಿ ಕೊಡೊಕಾನ್ ಶಾಲೆ ತೆರೆದು ಜೂಡೋ ಶುರು ಮಾಡಿದರು. ಆ ಶಾಲೆಯ ಮಾಯೆದಾ ಎಂಬುವರು ದೇಶ ದೇಶ ತಿರುಗಿ, ಸಿಕ್ಕವರ ಜೊತೆ ಸೆಣಸಿ, 1914ರಲ್ಲಿ ಬ್ರೆಜಿಲ್ ಸೇರಿದರು. ಅಲ್ಲಿ ಅವರ ಹತ್ತಿರ ಕಲಿತವನು ಕಾರ್ಲೋಸ್ ಗ್ರೇಸಿ. ಅವನ ತಮ್ಮ ಹೆಲಿಯೊ ಸಣಕಲು. ಮೈಬಲ ಸಾಲದ್ದಕ್ಕೆ ಮೀಟುಗೋಲಿನ ಲೆಕ್ಕ ಹಿಡಿದ ಅಂತಾರೆ.

1951ರಲ್ಲಿ ರಿಯೊದ ಮರಕಾನಾ ಮೈದಾನದಲ್ಲಿ ಇದೇ ಹೆಲಿಯೊ ಮತ್ತು ಜಪಾನಿನ ಜೂಡೋ ಪಟು ಕಿಮುರಾ ಎದುರಾದರು. ಕಿಮುರಾ ಹೆಲಿಯೊನ ಕೈ ಹಿಂದಕ್ಕೆ ತಿರುಚಿದರು. ಮೂಳೆ ಮುರಿದರೂ ಹೆಲಿಯೊ ಸೋಲೊಪ್ಪಲಿಲ್ಲ, ಕೊನೆಗೆ ಅಣ್ಣನ ಕಡೆಯಿಂದಲೇ ಸೋಲೊಪ್ಪುವ ಟವೆಲ್ ಬಂತು. ಆ ಪಟ್ಟಿಗೆ ಇವತ್ತಿಗೂ ಹೆಸರು ಕಿಮುರಾ. ಸೋತ ಮನೆಯವರೇ ಗೆದ್ದವನ ಹೆಸರಿಟ್ಟುಕೊಂಡರು. ನನಗೆ ಇಡೀ ಕಥೆಯಲ್ಲಿ ಇಷ್ಟವಾಗುವುದು ಅದೊಂದೇ.

ಕೈ ಮುರಿಸಿಕೊಂಡ ಶೌರ್ಯ ಇಷ್ಟವಾಗದೇ ಇರಲು ಕಾರಣವಿದೆ. 2015ರಲ್ಲಿ ಒಬ್ಬ ಹುಡುಗಿ ನನ್ನ ಕೈ ನೆಟ್ಟಗೆ ಮಾಡಿ ಲಾಕ್ ಹಾಕಿದಳು. ಎರಡು ಸಲ ತಟ್ಟಿದರೆ ಬಿಡುತ್ತಾರೆ, ಅದಕ್ಕೆ ಟ್ಯಾಪ್ ಅನ್ನುತ್ತಾರೆ. ನಾನು ತಟ್ಟಲಿಲ್ಲ. ಗರಡಿಯವರ ಮೊಮ್ಮಗಳಲ್ವಾ, ಬಿದ್ದರೂ ಮೀಸೆ ಮಣ್ಣಾಗಬಾರದು! ಮೊಣಕೈಯಲ್ಲಿ ಹಸಿ ಹುರುಳಿಕಾಯಿ ಮುರಿದ ಸದ್ದು ಬಂತು. ಆರು ವಾರ ಒಂದೇ ಕೈಯಲ್ಲಿ ಟ್ಯಾಲಿ ಎಂಟ್ರಿ ಮಾಡಿದೆ, ಜಡೆಯನ್ನು ಅತ್ತೆ ಹೆಣೆದರು. ಈಗ ದಿನಕ್ಕೆ ಹತ್ತು ಸಲ ತಟ್ಟುತ್ತೇನೆ. ಇಲ್ಲದ ಮೀಸೆ ಎಷ್ಟು ಮಣ್ಣಾದರೆ ಏನಂತೆ.

ನನ್ನದು ಈಗ ಬ್ರೌನ್ ಬೆಲ್ಟ್. ಬಿಳಿ, ನೀಲಿ, ನೇರಳೆ, ಕಂದು, ಕಪ್ಪು. ಕಪ್ಪು ತಲುಪಲು ಹತ್ತು ವರ್ಷ ಹಿಡಿಯುವುದು ಮಾಮೂಲು, ನನಗೆ ಇನ್ನೂ ಜಾಸ್ತಿ. "ಡಾಕ್ಟರ್ ಓದಿದ್ರೂ ಇಷ್ಟೊತ್ತಿಗೆ ಮುಗೀತಿತ್ತು" ಅಂತಾರೆ ಅತ್ತೆ.

ವಾರಕ್ಕೆ ಮೂರು ದಿನ ಬೆಳಗ್ಗೆ ಆರಕ್ಕೆ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಕಲಿಸುತ್ತೇನೆ. ಏಳೂವರೆಗೆ ಚಪಾತಿ, ಒಂಬತ್ತಕ್ಕೆ ಆಫೀಸು. ಗೀ ಹಿಡಿದೂ ಹಿಡಿದೂ ಬೆರಳ ಗಿಣ್ಣು ದಪ್ಪವಾಗಿವೆ. ಟೇಪ್ ಬಿಚ್ಚದೆ ಹಿಟ್ಟು ಕಲಸಲು ಹೋಗಿ ಬೈಸಿಕೊಂಡಿದ್ದೂ ಇದೆ.

ಬ್ಯಾಂಕಿನಿಂದ ವಿಆರ್‌ಎಸ್ ತೆಗೆದುಕೊಂಡ ಒಬ್ಬರು ಬರುತ್ತಾರೆ, ವಯಸ್ಸು 54. ಶುರುವಿನಲ್ಲಿ ಎದುರಿನವರ ಕೊರಳಪಟ್ಟಿ ಹಿಡಿದಾಗಲೆಲ್ಲ "ಸಾರಿ, ಸಾರಿ" ಅನ್ನುತ್ತಿದ್ದರು. ಕೊರಳಪಟ್ಟಿಗೆ ಕೈ ಹಾಕುವುದು ಅಂದರೆ ನಮ್ಮಲ್ಲಿ ಜಗಳದ ಕೊನೇ ಹಂತ ತಾನೆ. ಒಂದು ತಿಂಗಳು ಅವರಿಗೆ ಸೀಗಡಿ ಅನ್ನುವ, ಕೆಳಗಿನಿಂದ ಜರುಗುವ ವರಸೆ ಒಂದೇ ಹೇಳಿಕೊಟ್ಟೆ: ಒಂದು ಪಾದ ಊರು, ಪಕ್ಕಕ್ಕೆ ಹೊರಳು, ಸೊಂಟ ಹಿಂದಕ್ಕೆ ತಳ್ಳು, ಸಿಕ್ಕ ಸಂದಿಯಲ್ಲಿ ಮಂಡಿ ತೂರಿಸು. ಮೇಲಿನವನನ್ನು ಎತ್ತಬೇಡಿ, ನೀವೇ ಜರುಗಿ. ಒಂದು ದಿನ ಎಂಬತ್ತು ಕೆಜಿಯ ಸಾಫ್ಟ್‌ವೇರ್ ಹುಡುಗ ಅವರ ಮೇಲೆ ಕೂತಿದ್ದ. ಇವರು ಎರಡು ಸಲ ಜರುಗಿದರು, ಮಂಡಿ ಒಳಗೆ ಬಂತು. ಅವನು ಖಾಲಿ ಮ್ಯಾಟ್ ಮೇಲೆ ಕೈಯೂರಿ, "ಆಂಟಿ, ಎಲ್ಲಿ ಹೋದ್ರಿ?" ಅಂದ. ಅವತ್ತು ಸಾರಿ ಕೇಳಲಿಲ್ಲ.

ಹೋದ ವರ್ಷ ಹಳೆ ವಿದ್ಯಾರ್ಥಿಗಳ ದಿನಕ್ಕೆ ಬಂದಿದ್ದೆ. ಮೇಷ್ಟ್ರು ನಿವೃತ್ತರಾಗಿ ಎಷ್ಟೋ ವರ್ಷವಾಗಿದೆ, ಆದರೂ ಬಂದಿದ್ದರು. ತೋರಿಸು ಅಂದರು. ನಾನು ಮ್ಯಾಟ್ ಮೇಲೆ ಅಂಗಾತ ಮಲಗಿದೆ.

"ಬೆನ್ನು ತಾಗಿತಲ್ಲಮ್ಮ, ಸೋತೆ."

"ಇಲ್ಲ ಸಾರ್, ಈಗ ಶುರು."

ಅವರಿಗೆ ಒಪ್ಪಿಗೆಯಾಗಲಿಲ್ಲ. ಇದೆಂಥ ಆಟವೋ ಅಂತ ಗೊಣಗಿದರು. ಆದರೆ ಹೋಗುವ ಮುಂಚೆ ನನ್ನ ತೋಳು ಹಿಡಿದು, ಆ ಕಾಲು ಸುತ್ತೋದು ಇನ್ನೊಂದ್ಸಲ ತೋರಿಸು ಅಂದರು. ಮೂರು ಸಲ ತೋರಿಸಿದೆ.

ಆ ಮ್ಯಾಟು ಇನ್ನೂ ಅದೇ ಸ್ಟೋರ್ ರೂಮಿನಲ್ಲಿದೆ. ಒಂದು ಮೂಲೆ ಇಲಿ ತಿಂದಿದೆ, ಉಳಿದದ್ದು ಗಟ್ಟಿ. ಜನವರಿಯಲ್ಲಿ ಎರಡು ಶನಿವಾರ ಬರುತ್ತೇನೆಂದು ಕಾಲೇಜಿಗೆ ಹೇಳಿದ್ದೇನೆ. ಬರುವ ಹುಡುಗಿಯರು ಬಳೆ, ಓಲೆ ಬಿಚ್ಚಿಟ್ಟು, ಉಗುರು ಕತ್ತರಿಸಿಕೊಂಡು ಬನ್ನಿ.